ಪಟ್ಟಿ ಬಿಚ್ಚದ ಗೋಪಮ್ಮ

ನಮ್ಮ ಸೋದರತ್ತೆ ಗೋಪಮ್ಮನಿಗೆ ಒಂದು ಚಟವಿತ್ತು. ಖಾಕಿ ಅಂಗಿ ತೊಟ್ಟವರು, ಬಿಳಿ ಕೋಟು ತೊಟ್ಟವರು, ಕುರ್ಚಿಯ ಮೇಲೆ ಕೂತವರು ಏನು ಹೇಳಿದರೂ ಅದನ್ನು ಹೇಳಿದ ಹಾಗೆಯೇ ಮಾಡುವ ಚಟ. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ. ಇದನ್ನು ಒಳ್ಳೆಯ ಗುಣ ಅಂತ ಹೊಗಳುವವರು ಹೊಗಳಲಿ. ಅವಳ ಜೊತೆ ಒಂದೇ ಕೋಣೆಯಲ್ಲಿ ಬಾಳಿದ ನಾನು ಮಾತ್ರ ಹೊಗಳಲಾರೆ.

ಒಂದು ಸಲ ರಾಯಚೂರಿನಿಂದ ದೇವದುರ್ಗದ ಬಸ್ಸು ಹತ್ತಿ ನಮ್ಮೂರು ಗಬ್ಬೂರಿಗೆ ಹೊರಟಿದ್ದಳು. ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ಕಂಡಕ್ಟರ್ ರೇಗಿ, "ಏ ಯವ್ವಾ, ಈ ಚೀಲದ ಮ್ಯಾಲ ಕೂಡು. ನಾ ಹೇಳೋತನಕ ಏಳಬ್ಯಾಡ" ಅಂದನಂತೆ. ಗಬ್ಬೂರು ಬಂತು. ನಮ್ಮ ಓಣಿಯವರೇ ನಾಲ್ಕು ಜನ ಇಳಿದರು. ಕರೆದೊಯ್ಯಲು ಬಂದು ನಿಂತಿದ್ದ ನಮ್ಮಪ್ಪನಿಗೆ ಕಿಟಕಿಯಿಂದ ಕೈಬೀಸಿ ಅತ್ತೆ ನೆಟ್ಟಗೆ ದೇವದುರ್ಗಕ್ಕೆ ಹೋದಳು. ಸಂಜೆ ಇನ್ನೊಂದು ಬಸ್ಸಿಗೆ ಮರಳಿ ಬಂದು, "ಅಂವ ಏಳು ಅನ್ನಲೇ ಇಲ್ಲಪ" ಅಂದಳು. ಅಪ್ಪ ಎರಡು ದಿನ ಅವಳ ಜೊತೆ ಮಾತಾಡಲಿಲ್ಲ.

ಅದೇ ಹೆಂಗಸು ನಾನು ಹೇಳಿದ ಒಂದು ಮಾತನ್ನೂ ಕೇಳುತ್ತಿರಲಿಲ್ಲ. ನಾನು ಕುರ್ಚಿಯ ಮೇಲೆ ಕೂಡುವವಳಲ್ಲವಲ್ಲ. ಟೀಚರ್ ತರಬೇತಿಗೆಂದು ಊರು ಬಿಟ್ಟು ರಾಯಚೂರಿಗೆ ಬಂದು ಅವಳ ಕೋಣೆಯಲ್ಲಿ ಉಳಿದುಕೊಂಡಿದ್ದ ಅಣ್ಣನ ಮಗಳು, ಅಷ್ಟೇ. ನಾನು ಬಾಯಿ ತೆರೆದರೆ ಸಾಕು, "ನೀ ಇನ್ನಾ ಟೀಚರ್ ಆಗಿಲ್ಲ, ಸುಮ್ಕಿರು" ಅನ್ನುತ್ತಿದ್ದಳು.

ಅವಳ ಗಂಡ ಮೌನಪ್ಪ ಗಂಜಿನಲ್ಲಿ, ಅಂದರೆ ಕಾಳುಕಡಿ ಮಾರುವ ಪೇಟೆಯಲ್ಲಿ, ಹಮಾಲಿ ಮಾಡುತ್ತಿದ್ದ. ಮಗಳು ಯಂಕಮ್ಮ ಇನ್ನೂ ಅಂಬೆಗಾಲಿಡುವಾಗಲೇ ತೀರಿಕೊಂಡ. ಊರಿಗೆ ಬಂದುಬಿಡು ಅಂತ ಅಪ್ಪ ಎಷ್ಟು ಕರೆದರೂ ಅತ್ತೆ ಬರಲಿಲ್ಲ. ಗಂಜಿನ ಹಿಂದಿದ್ದ ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಕೂಲಿಗೆ ಸೇರಿ, ಮಗಳನ್ನು ಸಾಕಿ, ಮಾನ್ವಿಯ ಗದ್ದೆಪ್ಪನಿಗೆ ಕೊಟ್ಟು ಮದುವೆ ಮಾಡಿದಳು. ಎಂಬತ್ತಮೂರರ ದೀಪಾವಳಿ ಮುಗಿದು ಮಿಲ್ಲಿನ ಸುಗ್ಗಿ ಶುರುವಾಗುವ ಹೊತ್ತಿಗೆ ಯಂಕಮ್ಮ ಬಸುರಿ ಅಂತ ಸುದ್ದಿ ಬಂತು. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕಲ್ಲ. ಅತ್ತೆ ಆ ದಿನವೇ ಕೋಣೆಗೆ ಸುಣ್ಣ ಹೊಡೆದಳು. ಇದ್ದ ಒಂದೇ ಹೊರಸು ಮಂಚಕ್ಕೆ ಹೊಸ ನುಲಿ ಹಾಕಿಸಿದಳು. ಓದಲು ಕೂಡುತ್ತಿದ್ದ ನನ್ನ ಮೂಲೆಯನ್ನು ತೋರಿಸಿ, "ಅಲ್ಲಿ ತೊಟ್ಟಿಲ ಬರ್ತದ, ನೀ ಹೊರಗ ಓದಿಕೋ" ಅಂದಳು. ನನ್ನ ಪರೀಕ್ಷೆಯ ಚಿಂತೆ ಅವಳಿಗೇಕೆ?

ಜಿನ್ನಿಂಗ್ ಮಿಲ್ಲನ್ನು ಒಳಗೆ ಹೋಗಿ ನೋಡಿದವರಿಗೇ ಗೊತ್ತು. ಕಾಳು ಬೇರೆ, ಅರಳೆ ಬೇರೆ ಮಾಡುವ ಯಂತ್ರಗಳು ಸಾಲಾಗಿ ಹೊಡೆದುಕೊಳ್ಳುತ್ತಿರುತ್ತವೆ, ಧೂಳಿನಲ್ಲಿ ಎದುರಿಗೆ ನಿಂತವರ ಮುಖ ಕಾಣುವುದಿಲ್ಲ. ಹೆಣ್ಣುಮಕ್ಕಳು ಹಳೆಯ ಸೀರೆಯ ತುಂಡನ್ನು ಮೂಗು ಬಾಯಿಗೆ ಕಟ್ಟಿಕೊಂಡು ದುಡಿಯುತ್ತಿದ್ದರು. ಆ ವರ್ಷ ಯಾರೋ ಇನ್‌ಸ್ಪೆಕ್ಟರ್ ಬಂದು ಗದರಿಸಿ ಹೋದನೆಂದು ಮಾಲೀಕ ಎಲ್ಲರಿಗೂ ಮೂಗು ಬಾಯಿಗೆ ಕಟ್ಟಲು ಎರಡೆರಡು ಹೊಸ ಬಟ್ಟೆ ಹೊಲಿಸಿ ಹಂಚಿದ. ಗಂಜಿ ಹಾಕಿದ ದಪ್ಪ ಮಾದರಪಾಟು ಬಟ್ಟೆ. ಕಿವಿಗೆ ಸಿಕ್ಕಿಸಲು ಲಾಡಿಯಲ್ಲ, ಸೈಕಲ್ ಟ್ಯೂಬಿನಿಂದ ಕತ್ತರಿಸಿದ ರಬ್ಬರು. ಮಿಲ್ಲಿನವರು ಅದಕ್ಕೆ 'ಪಟ್ಟಿ' ಅಂತ ಹೆಸರಿಟ್ಟರು. ಮೇಸ್ತ್ರಿ ಹುಸೇನಪ್ಪ ಬಾಗಿಲಲ್ಲಿ ನಿಂತು, "ಪಟ್ಟಿ ಇಲ್ದಾಕಿ ಒಳಗ ಬರಂಗಿಲ್ಲ" ಅಂತ ಸಾರಿದ. ಸರಿ, ಸಾರಿದ ಮೇಲೆ ಮುಗಿಯಿತು. ಉಳಿದವರು ಮೇಸ್ತ್ರಿ ಆಚೆ ಹೋದ ಕೂಡಲೇ ಗದ್ದಕ್ಕೆ ಜಾರಿಸಿಕೊಂಡು ಉಸಿರು ಬಿಡುತ್ತಿದ್ದರೆ, ನಮ್ಮ ಅತ್ತೆ ಬೆಳಗಿನಿಂದ ಸಂಜೆಯವರೆಗೆ ಬಿಗಿದುಕೊಂಡೇ ಇರುತ್ತಿದ್ದಳು.

ಹದಿನೈದು ದಿನಕ್ಕೆ ಮುಖ ಕೆಟ್ಟಿತು. ಮೂಗಿನ ದಿಂಡಿನ ಮೇಲೆ ಕೆಂಪು ಗೆರೆ, ಬಾಯಿಯ ಸುತ್ತ ಸಣ್ಣ ಸಣ್ಣ ಗುಳ್ಳೆ, ರಬ್ಬರು ಉಜ್ಜಿದ ಕಡೆ ಕಿವಿಯ ಹಿಂದೆ ರಸಿಕೆ. ತುರಿಕೆ ತಾಳಲಾರದೆ ನಿದ್ದೆಗಣ್ಣಲ್ಲೇ ಕೆರೆದುಕೊಳ್ಳುತ್ತಿದ್ದಳು. ಓಣಿಯವರಿಗೆ ಅಷ್ಟು ಸಾಕಾಯಿತು. ಒಬ್ಬಳು ಅರಿಷಿಣಕ್ಕೆ ಸುಣ್ಣ ಕಲಸಿ ಮೆತ್ತಿದಳು, ಸುಟ್ಟಿತು. ಇನ್ನೊಬ್ಬಳು ಹಲ್ಲುಪುಡಿ ಹಚ್ಚಿದಳು, ಉರಿ ನೆತ್ತಿಗೇರಿತು. ಮತ್ತೊಬ್ಬಳು ಅಮ್ಮ ಬಂದಿದ್ದಾಳೆ ಅಂತ ಬೇವಿನ ತೊಪ್ಪಲು ತಂದು ಬಾಗಿಲಿಗೆ ಸಿಗಿಸಿ, ಸಾಬೂನು ಮುಟ್ಟಬೇಡ ಅಂದಳು. ಆ ಓಣಿಯಲ್ಲಿ ಔಷಧ ಗೊತ್ತಿಲ್ಲದವಳು ಅಂದರೆ ನಾನೊಬ್ಬಳೇ ಇದ್ದೆ ಅಂತ ಕಾಣುತ್ತದೆ.

"ಅತ್ತಿ, ಅದು ಆ ಪಟ್ಟಿಯಿಂದ ಆಗಿದ್ದು. ಬಿಟ್ಟು ಹಳೇ ಸೀರಿ ಬಟ್ಟಿ ಕಟ್ಟಿಕೋ" ಅಂದೆ.

"ಮಾಲಕರು ಕೊಟ್ಟಿದ್ದದು. ಬಿಟ್ರ ಮೇಸ್ತ್ರಿ ಹೊರಗ ಹಾಕ್ತಾನ. ನೀ ಕೂಳ ಹಾಕ್ತೀಯೇನು?"

ಕಡೆಗೆ ನನ್ನ ಕಾಟ ತಾಳದೆ ಒಂದು ದಿನ ಡಾಕ್ಟರ ಹತ್ತಿರ ಹೋದಳು. ಯಾವ ಡಾಕ್ಟರು ಅಂತ ಹೆಸರು ಹೇಳುವುದಿಲ್ಲ. ಬೇರೆ ಸೀಮೆಯಿಂದ ಬಂದು ಬೋರ್ಡು ಹಾಕಿಕೊಂಡಿದ್ದ ಖಾಸಗಿ ಡಾಕ್ಟರು. ಆ ದಿನ ನನಗೆ ಪಾಠ ಹೇಳುವ ಪರೀಕ್ಷೆಯಿತ್ತು, ಜೊತೆಗೆ ಹೋಗಲಾಗಲಿಲ್ಲ. ಸಂಜೆ ಬಂದು ನೋಡಿದರೆ ಅತ್ತೆ ಮನೆಯೊಳಗೆ ಪಟ್ಟಿ ಕಟ್ಟಿಕೊಂಡು ರೊಟ್ಟಿ ಬಡಿಯುತ್ತಿದ್ದಳು.

"ಮಿಲ್ಲಿನಿಂದ ಬಂದು ಅದನ್ನ ಬಿಚ್ಚಲಿಲ್ಲೇನು?"

"ಬಿಚ್ಚಬ್ಯಾಡ ಅಂದಾರ ಡಾಕ್ಟರ. ನೀರೂ ತಾಕಿಸಬಾರದಂತ. ಅವ್ರು ಹೇಳೋತನಕ ಹಿಂಗ ಇರಬೇಕಂತ."

ಇಂಥ ವೈದ್ಯ ಯಾವ ಲೋಕದಲ್ಲಿದ್ದಾನೆ ಅನ್ನಿಸಿತು. ಮರುದಿನ ಕೇಳಿಯೇ ಬಿಡೋಣ ಅಂತ ಹೋದರೆ ದವಾಖಾನೆಗೆ ಬೀಗ. ಡಾಕ್ಟರು ತಂಗಿಯ ಮದುವೆಗೆ ಹೈದರಾಬಾದಿಗೆ ಹೋಗಿದ್ದರಂತೆ. ಯಾವಾಗ ಬರುತ್ತಾರೋ ಪಕ್ಕದ ಅಂಗಡಿಯವನಿಗೂ ಗೊತ್ತಿರಲಿಲ್ಲ. ಅತ್ತೆಗೆ ಮಾತ್ರ ಎಂಟು ದಿನ ಬಿಟ್ಟು ಬಾ ಅಂದಿದ್ದರಂತೆ. ಆ ಎಂಟನೆಯ ದಿನ ಮಿಲ್ಲಿಗೆ ಲಾರಿಗಟ್ಟಲೆ ಹತ್ತಿ ಬಂದು ಬಿದ್ದಿತ್ತು, ಒಂದು ಹೊತ್ತು ತಪ್ಪಿಸಿದರೂ ಮೇಸ್ತ್ರಿ ಬೇರೆಯವಳನ್ನು ನಿಲ್ಲಿಸುತ್ತಿದ್ದ. ಅತ್ತೆ ಹೋಗಲಿಲ್ಲ. ಆಮೇಲೆ ನಾನು ಎರಡು ಸಲ ಹೋದಾಗಲೂ ದವಾಖಾನೆಗೆ ಬೀಗವೇ ಇತ್ತು. ಹೇಳುವವರು ಸಿಗಲಿಲ್ಲ, ಪಟ್ಟಿ ಇಳಿಯಲಿಲ್ಲ.

ಆ ದಿನಗಳನ್ನು ನೆನೆದರೆ ಈಗಲೂ ನನಗೆ ಮೈ ಪರಚಿಕೊಳ್ಳುವಂತಾಗುತ್ತದೆ. ಉಣ್ಣುವಾಗ ಪಟ್ಟಿಯ ಕೆಳಗಿನಿಂದ ತುತ್ತು ತೂರಿಸುತ್ತಿದ್ದಳು. ಸ್ನಾನ ಕುತ್ತಿಗೆಯಿಂದ ಕೆಳಗೆ ಮಾತ್ರ. ಪಟ್ಟಿ ಕೊಳೆಯಾದರೆ ಏನು ಮಾಡುತ್ತಿದ್ದಳು ಗೊತ್ತೇ? ಒಗೆದ ಇನ್ನೊಂದನ್ನು ಮೊದಲು ಮೇಲೆ ಕಟ್ಟಿಕೊಂಡು, ಆಮೇಲೆ ಒಳಗಿನದನ್ನು ಗದ್ದದ ಕಡೆಯಿಂದ ಮೆಲ್ಲಗೆ ಎಳೆದು ತೆಗೆಯುತ್ತಿದ್ದಳು. ಮುಖ ಒಂದು ಕ್ಷಣವೂ ಬಯಲಾಗಬಾರದು. "ಬಿಚ್ಚಲಿಲ್ಲ ನೋಡು" ಅಂತ ನನಗೇ ತೋರಿಸುತ್ತಿದ್ದಳು. ಒಗೆಯುವುದಾದರೂ ಹೇಗೆ? ವಾಷಿಂಗ್ ಸೋಡಾದಲ್ಲಿ ನೆನೆಹಾಕಿ, ಒಂದೇ ನೀರಿಗೆ ಹಿಂಡಿ, ಒಲೆಯ ಮೇಲಿನ ಹಗ್ಗಕ್ಕೆ ಹಾಕುವುದು. ನಳದ ನೀರು ದಿನ ಬಿಟ್ಟು ದಿನ ಬರುತ್ತಿದ್ದ ಓಣಿಯಲ್ಲಿ ಒಂದು ತುಂಡು ಬಟ್ಟೆಗೆ ಮೂರು ನೀರು ಯಾರು ಸುರಿಯುತ್ತಾರೆ?

ನಾನು ಬೈದೆ, ಬೇಡಿಕೊಂಡೆ. ಊಟ ಬಿಟ್ಟು ಕೂತೆ. ಅವಳು ನನ್ನ ಪಾಲಿನ ರೊಟ್ಟಿಯನ್ನು ಮುಚ್ಚಿಟ್ಟು ತನ್ನ ಪಾಡಿಗೆ ತಾನು ಮಲಗಿದಳು.

ಮಾಘದಲ್ಲಿ ಯಂಕಮ್ಮನಿಗೆ ಏಳು ತಿಂಗಳು ತುಂಬಿತು. ಹಸಿರು ಸೀರೆ, ಖಣ, ಬುತ್ತಿ ಕಟ್ಟಿಕೊಂಡು ಸೀಮಂತದ ಕುಬಸಕ್ಕೆ ಮಾನ್ವಿಗೆ ಹೊರಟೆವು. ಕುಬಸ ಮುಗಿಸಿ ಮಗಳನ್ನು ಜೊತೆಗೇ ಕರೆತರುವುದು ಅಂತ ಮಾತಾಗಿತ್ತು. ಬಸ್ಸಿನಲ್ಲಿ ಅತ್ತೆಗೆ ನೆಲ ಕಾಣುತ್ತಿರಲಿಲ್ಲ, ಅಷ್ಟು ಸಂಭ್ರಮ. "ಇವತ್ತೊಂದಿನ ಬಿಚ್ಚು ಅತ್ತಿ, ನಿನ್ನ ಕಾಲಿಗೆ ಬೀಳ್ತೀನಿ" ಅಂದೆ. "ಶುಭಕಾರ್ಯಕ್ಕ ಹೊಂಟಾಗ ಅಪಶಕುನ ನುಡೀಬ್ಯಾಡ" ಅಂದಳು. ಒಗೆದ ಪಟ್ಟಿಯನ್ನೇ ಕಟ್ಟಿಕೊಂಡಿದ್ದಳು, ಒಗೆದ ಇನ್ನೊಂದು ನನ್ನ ಚೀಲದಲ್ಲಿತ್ತು.

ಬೀಗತಿ ದುರುಗಮ್ಮ ಕೆಟ್ಟವಳಲ್ಲ, ಆದರೆ ಹೆದರುಪುಕ್ಕಲಿ. ಹೆದರುಪುಕ್ಕಲರಷ್ಟು ಹಟ ಕೆಟ್ಟವರಿಗೂ ಇರುವುದಿಲ್ಲ. ಪಟ್ಟಿ ಕಟ್ಟಿಕೊಂಡು ಬಾಗಿಲಲ್ಲಿ ನಿಂತ ಅತ್ತೆಯನ್ನು ಕಂಡು ಅವಳ ಕೈಯಲ್ಲಿದ್ದ ನೀರಿನ ತಂಬಿಗೆ ಅಲ್ಲೇ ನಿಂತಿತು.

"ಅದೇನ್ರೀ ಬೀಗತಿ ಮಾರಿಗೆ? ಬಿಚ್ಚಿ ಒಳಗ ಬರ್ರಿ."

"ಬಿಚ್ಚಂಗಿಲ್ಲರೀ. ಡಾಕ್ಟರ ಹೇಳ್ಯಾರ."

ಹೆಂಗಸರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆರತಿಯ ಹೊತ್ತಿಗೆ ಮಗಳಿಗೆ ಕುಂಕುಮ ಹಚ್ಚಲು ಅತ್ತೆ ಬಗ್ಗಿದಾಗ ಬೆವರಿಗೆ ಮೆತ್ತಗಾಗಿದ್ದ ರಬ್ಬರು ಪಟ್ಟನೆ ಹರಿಯಿತು. ಮುಖ ಬಯಲಾಯಿತು. ವಾರಗಟ್ಟಲೆ ಗಾಳಿ ಬೆಳಕು ಕಾಣದ ಚರ್ಮ ಬೆಂದು ಸುಲಿದು ಕೆಂಪಗಾಗಿತ್ತು, ತುಟಿಯ ಎರಡೂ ಕೊನೆಗೆ ಬಿರುಕು, ಮೂಗಿನ ಮೇಲೆ ಹುಣ್ಣು. ಕುಷ್ಠ ಅನ್ನುವ ಮಾತನ್ನು ಬಾಯಲ್ಲಿ ಆಡಲು ಜನ ಅಂಜುತ್ತಾರೆ. "ದೊಡ್ಡ ರೋಗ" ಅಂತ ಹಿಂದಿನಿಂದ ಯಾರೋ ಪಿಸುಗುಟ್ಟಿದರು. ಅಷ್ಟಕ್ಕೇ ಕೂಡಿದ್ದ ಹೆಂಗಸರು ಉಡಿಯಕ್ಕಿಯನ್ನೂ ಬಿಟ್ಟು ಎದ್ದರು.

ದುರುಗಮ್ಮ ಸೊಸೆಯನ್ನು ಒಳಗೆ ಕಳಿಸಿ ಕದ ಎಳೆದುಕೊಂಡಳು. "ತಪ್ಪ ತಿಳೀಬ್ಯಾಡ್ರಿ ಬೀಗತಿ. ಹೊಟ್ಯಾಗ ಕೂಸದ. ಆ ಮಾರಿ ಆರೋತನಕ ಯಂಕಮ್ಮನ್ನ ಕಳಸಂಗಿಲ್ಲ. ಬಾಣಂತನ ಇಲ್ಲೇ ಆಗ್ಲಿ."

ಅತ್ತೆ ಹರಿದ ರಬ್ಬರಿಗೆ ಗಂಟು ಹಾಕಲು ನೋಡುತ್ತಿದ್ದಳು. ನನಗೆ ಅವಳ ಮೇಲೆ, ದುರುಗಮ್ಮನ ಮೇಲೆ, ಹೈದರಾಬಾದಿನಲ್ಲಿ ಊಟ ಹೊಡೆಯುತ್ತಿದ್ದ ಆ ಡಾಕ್ಟರ ಮೇಲೆ ಒಟ್ಟಿಗೇ ಸಿಟ್ಟು ಬಂತು. ಪಟ್ಟಿ ಕಸಿದು ಚೀಲಕ್ಕೆ ಹಾಕಿ, ಅವಳ ರಟ್ಟೆ ಹಿಡಿದು ಹೊರಗೆ ನಡೆದೆ. ಎರಡು ಓಣಿ ಆಚೆ ಮಹಬೂಬೀ ಅನ್ನುವ ನರ್ಸ್ ಇದ್ದಾಳೆ, ಹೆರಿಗೆಗೆಲ್ಲ ಅವಳೇ ಬರುವುದು ಅಂತ ಯಂಕಮ್ಮ ಹೇಳಿದ್ದು ನೆನಪಿತ್ತು.

ಮಹಬೂಬೀ ಊಟಕ್ಕೆ ಕೂಡುವುದರಲ್ಲಿದ್ದಳು. ಬಿಳಿ ಸೀರೆ ಇನ್ನೂ ಬದಲಿಸಿರಲಿಲ್ಲ, ದೇವರ ದಯೆ. ಕುಬಸದ ಮನೆಯಲ್ಲಿ ಆದದ್ದನ್ನೆಲ್ಲ ನಾನು ಹೇಳಿದೆ. ಅತ್ತೆಯನ್ನು ಬೆಳಕಿಗೆ ತಿರುಗಿಸಿ ಗದ್ದ ಎತ್ತಿ ನೋಡಿದಳು. ಕಣ್ಣು ಮುಚ್ಚಿಸಿ ಕೆನ್ನೆಗೂ ಕೈಗೂ ಹತ್ತಿಯ ಎಳೆ ತಾಗಿಸಿ, ಎಲ್ಲಿ ತಾಗಿತು ಹೇಳು ಅಂದಳು. ಅತ್ತೆ ಎಲ್ಲವನ್ನೂ ಸರಿಯಾಗಿ ಹೇಳಿದಳು.

"ದೊಡ್ಡ ರೋಗ ಅಂತ ಯಾರಂದ್ರು? ಏನಿಲ್ಲ, ಮುಟ್ಟಿದ್ದೆಲ್ಲಾ ತಿಳೀತದ. ಬಟ್ಟಿ ಕಟ್ಟಿ ಕಟ್ಟಿ ಚರ್ಮ ಬೆಂದದ. ಆದ್ರ ಇಷ್ಟ್ಯಾಕ ಬಿಟ್ಟಿ ಯವ್ವಾ?"

"ಪಟ್ಟಿ ಬಿಚ್ಚಬ್ಯಾಡ ಅಂದಿದ್ರರೀ ಡಾಕ್ಟರ."

"ಯಾವ ಪಟ್ಟಿ? ಅವ್ರು ಕಟ್ಟಿದ್ದು ಎಲ್ಲೈತಿ?"

"ಅವ್ರೇನ್ ಕಟ್ಟಲಿಲ್ಲರೀ. ಮೂಗಿನ ಮ್ಯಾಲ ಒಂದೀಟು ಅರಳಿ ಇಟ್ಟು ಅಂಟಿನ ಚೂರು ಮೆತ್ತಿದ್ರು. ಅದು ಅವತ್ತೇ ಮಿಲ್ಲಿನ್ಯಾಗ ಬೆವರಿಗೆ ಬಿದ್ದುಹೋತು. ದಿನಾ ಅರಳ್ಯಾಗ ಇರಾಕಿ ನಾ, ಒಂದೀಟು ಅರಳಿ ಬಿದ್ರ ಏನಾತು? ಪಟ್ಟಿ ಮಾತ್ರ ಬಿಚ್ಚಿಲ್ಲರೀ, ಬೇಕಾರ ಈಕಿನ್ನ ಕೇಳ್ರಿ."

ಮಹಬೂಬೀ ನನ್ನನ್ನು ನೋಡಿದಳು, ನಾನು ಅವಳನ್ನು ನೋಡಿದೆ. ಡಾಕ್ಟರು ಪಟ್ಟಿ ಅಂದದ್ದು ಹುಣ್ಣಿಗೆ ಹಾಕಿದ ಆ ಬ್ಯಾಂಡೇಜಿಗೆ. ಬಿಚ್ಚಬಾರದಾಗಿದ್ದದ್ದು ಅದು, ನೀರು ತಾಗಬಾರದಾಗಿದ್ದದ್ದು ಅದಕ್ಕೆ. ಅದನ್ನು ಬೀಳಿಸಿ, ರೋಗ ತಂದ ಬಟ್ಟೆಯನ್ನೇ ಹಗಲಿರುಳು ಮುಖಕ್ಕೆ ಬಿಗಿದುಕೊಂಡು ಇವಳು ಡಾಕ್ಟರ ಮಾತು ಪಾಲಿಸಿದ್ದಳು! ನಗಬೇಕೋ ಅಳಬೇಕೋ ತಿಳಿಯದೆ ನಾನು ಹಣೆ ಹಣೆ ಚಚ್ಚಿಕೊಂಡೆ. ಅತ್ತೆ ಮಾತ್ರ, "ಎರಡಕ್ಕೂ ಒಂದ ಹೆಸರಿಟ್ರ ನಾ ಏನ್ ಮಾಡ್ಲಿ?" ಅಂತ ನನಗೇ ಜೋರು ಮಾಡಿದಳು. ಅದೂ ಒಂದು ಲೆಕ್ಕಕ್ಕೆ ಸರಿಯೇ.

ಮಹಬೂಬೀ ನನ್ನ ಚೀಲದಿಂದ ಒಗೆದ ಪಟ್ಟಿ ತೆಗೆಸಿ ಒಂದು ಲೋಟ ನೀರಿನಲ್ಲಿ ಅದ್ದಿ ಹಿಂಡಿದಳು. ನೀರು ಜಿಗಿಜಿಗಿಯಾಗಿ ನೊರೆ ಎದ್ದಿತು. "ನೋಡು, ಸೋಡಾ ಹೋಗೇ ಇಲ್ಲ. ಇದನ್ನ ಬೆವರಿನ ಮಾರಿಗೆ ಕಟ್ಟಿದ್ರ ಇನ್ನೇನಾಗ್ತದ?" ಪಟ್ಟಿಯನ್ನೇ ಬಿಟ್ಟುಬಿಡಲಿ ಅಂತ ನಾನು ಅಂದಾಗ ನನ್ನ ಮೇಲೂ ರೇಗಿದಳು. "ಆ ಧೂಳ ಕುಡುದ್ರ ಪುಪ್ಪುಸ ಉಳೀತದೇನು? ಕಟ್ಟಬೇಕು. ಕಟ್ಟೋ ರೀತಿ ಕಟ್ಟಬೇಕು." ಹಳೆಯ ಧೋತರದ ಮೆತ್ತನೆ ಬಟ್ಟೆ ಆಗಬೇಕು, ರಬ್ಬರು ಬೇಡ, ತಲೆಯ ಹಿಂದೆ ಲಾಡಿ ಕಟ್ಟಿಕೊಳ್ಳಲಿ. ಮೂರು ತುಂಡು ಇಟ್ಟುಕೊಂಡು ಬೆವರಿಗೆ ಒದ್ದೆಯಾದ ಕೂಡಲೇ ಬದಲಿಸಲಿ. ಸಾದಾ ಸಾಬೂನಿನಲ್ಲಿ ಒಗೆದು, ಜಿಗಿ ಹೋಗುವವರೆಗೆ ಜಾಲಿಸಿ, ಬಿಸಿಲಿಗೆ ಹಾಕಲಿ. ಉಣ್ಣುವ ಹೊತ್ತಿಗೆ ಧೂಳಿನಿಂದ ಆಚೆ ಬಂದು ಬಿಚ್ಚಿ ಮುಖಕ್ಕೆ ಗಾಳಿ ಕೊಡಲಿ. ಮನೆಗೆ ಬಂದ ಮೇಲೆ ತಣ್ಣೀರಿನಲ್ಲಿ ಉಜ್ಜದೆ ತೊಳೆದು, ಒತ್ತಿ ಒರೆಸಿ, ಹುಣ್ಣಿಗೆ ಬಿಳಿ ಮುಲಾಮು. ಹುಣ್ಣು ಒಣಗಿದ ಮೇಲೆ ಕೆಲಸಕ್ಕೆ ಹೋಗುವ ಮುಂಚೆ ಒಂದು ಹನಿ ಕೊಬ್ಬರಿ ಎಣ್ಣೆ. ಸುಣ್ಣ, ಹಲ್ಲುಪುಡಿ ಅಂತ ಯಾರಾದರೂ ಬಂದರೆ ಬಾಗಿಲು ಹಾಕಿಕೊಳ್ಳಲಿ. ಅಷ್ಟಕ್ಕೂ ಕಡಿಮೆಯಾಗದಿದ್ದರೆ ಚರ್ಮದ ಡಾಕ್ಟರಿಗೆ ತೋರಿಸಲಿ.

ಇದರಲ್ಲಿ ಮುಕ್ಕಾಲು ಪಾಲು ನಾನು ಬಾಯಿ ಬಡಕೊಂಡು ಹೇಳಿದ್ದೇ. ಈಗ ಬಿಳಿ ಸೀರೆ ಹೇಳಿತಲ್ಲ, ಅತ್ತೆ ತಲೆಯಾಡಿಸಿ ಒಪ್ಪಿಕೊಂಡಳು.

ನಾನು ಮಿಲ್ಲಿಗೆ ಹೋಗಿ ಹುಸೇನಪ್ಪನ ಜೊತೆ ಜಗಳಕ್ಕೆ ನಿಂತೆ. ಅವನು ತನ್ನ ಕಿವಿಯ ಹಿಂದೆ ಕೆರೆದುಕೊಳ್ಳುತ್ತಲೇ, "ಬಟ್ಟಿ ಯಾವ್ದಿದ್ರೇನವ್ವ, ಇನಿಸ್ಪೆಟ್ರ ಬಂದಾಗ ಬಾಯಿ ಮುಚ್ಚಿದ್ರ ಸಾಕು" ಅಂದ. ಇಷ್ಟು ಸಲೀಸಾಗಿ ಮುಗಿಯುವ ಮಾತಿಗೆ ಅತ್ತೆ ಇಡೀ ಸುಗ್ಗಿ ನರಳಿದ್ದಳು.

ಯುಗಾದಿಯ ಹೊತ್ತಿಗೆ ಹುಣ್ಣು ಆರಿತು, ತುರಿಕೆ ನಿಂತಿತು. ಬಾಯಿಯ ಸುತ್ತ ಕಪ್ಪು ಕಲೆ ಮಾತ್ರ ಉಳಿಯಿತು. ಅದು ಹೋಗಲು ತಿಂಗಳುಗಟ್ಟಲೆ ಬೇಕು, ಅದರಿಂದ ಏನೂ ಆಗುವುದಿಲ್ಲ ಅಂತ ಮಹಬೂಬೀ ದುರುಗಮ್ಮನ ಮನೆಗೇ ಹೋಗಿ ಹೇಳಿದಳು. ಅತ್ತೆ ಎರಡು ಸಲ ಮಾನ್ವಿಗೆ ಹೋಗಿ ಅಂಗಳದಲ್ಲಿ ನಿಂತು ಮುಖ ತೋರಿಸಿ ಬಂದಳು, ಸಂತೆಯಲ್ಲಿ ದನದ ಹಲ್ಲು ತೋರಿಸುವ ಹಾಗೆ. ಎರಡು ಸಲವೂ ದುರುಗಮ್ಮ, "ಕಲಿ ಇನ್ನಾ ಅದಲ್ಲರೀ" ಅಂದಳು. ಇನ್ನು ಏನು ತೋರಿಸಬೇಕಿತ್ತು ಅವಳಿಗೆ? ಸುಣ್ಣ ಹೊಡೆದ ಕೋಣೆಯಲ್ಲಿ ಅತ್ತೆ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದಳು. 

ಬೇಸಿಗೆಯ ಉರಿಯಲ್ಲಿ ಯಂಕಮ್ಮ ಮಾನ್ವಿಯಲ್ಲೇ ಹೆತ್ತಳು. ಹೆಣ್ಣು ಕೂಸು. ಹಡೆದ ಮಗಳಿಗೆ ಬಿಸಿನೀರು ಹಾಕುವ ಭಾಗ್ಯ ತಾಯಿಗೆ ಸಿಗಲಿಲ್ಲ. ತೊಟ್ಟಿಲಿಗೆ ಹಾಕುವ ದಿನ ಬನ್ನಿ ಅಂತ ಗದ್ದೆಪ್ಪ ಬಂದು ಹೇಳಿ ಹೋದ, ಪಾಪ, ಅವನಿಗೆ ಅತ್ತೆಯ ಮುಖ ನೋಡಲೂ ನಾಚಿಕೆ.

ಹೋದೆವು. ಪಡಸಾಲೆಯ ತುಂಬ ಹೆಂಗಸರಿದ್ದರು. ಅತ್ತೆ ಯಾರಿಗೂ ತಾಗದ ಹಾಗೆ ಕಂಬಕ್ಕೆ ಒರಗಿ ಕೂತಳು. ಕೂಸು ಒಬ್ಬರ ಕೈಯಿಂದ ಒಬ್ಬರ ಕೈಗೆ ಹೋಯಿತು, ಕಂಬದವರೆಗೆ ಬರಲಿಲ್ಲ. "ದೂರಿಂದ ನೋಡ್ರಿ ಬೀಗತಿ, ಇನ್ನಾ ಎಳೀ ಮೈ" ಅಂದಳು ದುರುಗಮ್ಮ. ನಾನು ಎದ್ದು ನಾಲ್ಕು ಮಾತು ಅಂದೇಬಿಡುತ್ತಿದ್ದೆ. ಅಷ್ಟರಲ್ಲಿ ಬಾಣಂತಿ ಯಂಕಮ್ಮ ತಲೆಗೆ ಕಟ್ಟಿದ ಬಟ್ಟೆಯಲ್ಲೇ ಒಳಗಿನಿಂದ ಬಂದು, ಯಾರನ್ನೂ ಕೇಳದೆ ಕೂಸನ್ನು ಎತ್ತಿ ತಂದು ತಾಯಿಯ ಉಡಿಯಲ್ಲಿ ಹಾಕಿದಳು.

ಅತ್ತೆ ಗಾಬರಿಯಾಗಿ ಸೆರಗನ್ನು ಮೂಗಿನ ಮೇಲೆ ಎಳೆದುಕೊಂಡಳು. ಯಂಕಮ್ಮ ಕೂತು ಆ ಸೆರಗನ್ನು ಕೆಳಗಿಳಿಸಿದಳು.

"ಮುಚ್ಚಬ್ಯಾಡ ಬೇ ಯವ್ವಾ. ನನ್ನ ಹಡದಾಕಿ ಮಾರಿ ನನ್ನ ಕೂಸು ನೋಡ್ಲಿ."

"ಬೀಗತಿ, ಮಾರಿ ಮುಚ್ಚಿಕೊಳ್ರಿ" ಅಂದಳು ದುರುಗಮ್ಮ, ಮನೆಯ ಯಜಮಾನಿಯ ದನಿಯಲ್ಲಿ.

ಅತ್ತೆ ಅವಳ ಕಡೆ ಒಮ್ಮೆ ನೋಡಿದಳು. ಆಮೇಲೆ ಬಗ್ಗಿ ಕೂಸಿನ ಕೆನ್ನೆಗೆ ತನ್ನ ಕಲೆಬಿದ್ದ ಕೆನ್ನೆ ಒತ್ತಿದಳು. ದುರುಗಮ್ಮ ಇನ್ನೊಮ್ಮೆ ಹೇಳಿದಳು. ಅತ್ತೆ ಕೇಳಲಿಲ್ಲ.